ನಾನೂರು ಕಿಲೋಮೀಟರಿನ ಗೆರೆ

ನಮ್ಮವರ ಭಾಷಣ ಹನ್ನೊಂದು ಗಂಟೆಗೆ. ಬೆಳಿಗ್ಗೆ ಏಳಕ್ಕೆ ಅವರು ಕನ್ನಡಿ ಮುಂದೆ ಮೂರನೇ ಅಂಗಿ ತೊಟ್ಟು ನೋಡುತ್ತಿದ್ದಾಗ ನನಗೊಂದು ಹಾಳು ಅನುಮಾನ ಹುಟ್ಟಿತು.

ನಾವಿಬ್ಬರೂ ಒಂದೇ ಪ್ರಯೋಗಾಲಯದಲ್ಲಿ ಚಂದ್ರನ ಗುರುತ್ವ ಅಳೆಯುವವರು. ಎರಡು ನೌಕೆಗಳು ಒಂದರ ಹಿಂದೊಂದು ಚಂದ್ರನನ್ನು ಸುತ್ತುತ್ತವೆ. ಕೆಳಗೆ ಭಾರದ ಕಲ್ಲಿದ್ದರೆ ಅದು ಮುಂದಿನ ನೌಕೆಯನ್ನು ಮೊದಲು ಸೆಳೆಯುತ್ತದೆ, ನಡುವಿನ ಅಂತರ ಕೂದಲೆಳೆಯಷ್ಟು ಹೆಚ್ಚುತ್ತದೆ. ಆ ಏರುಪೇರಿನಿಂದಲೇ ನಾವು ನೆಲದೊಳಗಿನ ನಕ್ಷೆ ಬರೆಯುತ್ತೇವೆ. ಅಂಥ ನಕ್ಷೆಯಲ್ಲಿ ನಮ್ಮವರಿಗೆ ನಾನೂರು ಕಿಲೋಮೀಟರಿನ ನೇರ ಗೆರೆಯೊಂದು ಸಿಕ್ಕಿತ್ತು. ಹುಟ್ಟಿದ ಹೊಸದರಲ್ಲಿ ಚಂದ್ರ ಒಳಗಿನ ಕಾವಿಗೆ ಉಬ್ಬಿ, ಮೇಲ್ಪದರ ಬಿರಿದು, ಬಿರುಕಿನಲ್ಲಿ ಕರಗಿದ ಕಲ್ಲು ತುಂಬಿಕೊಂಡ ಗುರುತು ಅದು. ಅವರ ಏಳು ವರ್ಷದ ದುಡಿಮೆಗೆ ಸಿಕ್ಕ ಒಂದೇ ಫಲ.

"ಆ ಗೆರೆ ನೌಕೆ ಹೋದ ದಾರಿಯಲ್ಲೇ ಇದೆಯಲ್ಲ ರೀ," ಅಂದೆ.

ಗುಂಡಿ ಹಾಕುತ್ತಿದ್ದ ಕೈ ನಿಂತಿತು. "ಇದ್ರೆ?"

"ಅಲ್ಲಿನ ಒಂಬತ್ತು ಸುತ್ತಿನ ಅಳತೆಯಲ್ಲಿ ದೋಷ ಇದೆ ಅಂತ ನೀವೇ ಕೈಯಾರೆ ತಿದ್ದಿದ್ದು. ಚೂರು ತಪ್ಪಿದ್ರೂ ಗೆರೆ ತಾನಾಗೇ ಮೂಡುತ್ತೆ."

"ಇವತ್ತೇ ಹೇಳಬೇಕಿತ್ತಾ ಇದನ್ನ?"

"ಇವತ್ತೇ ಹೊಳೀತು, ಏನ್ ಮಾಡ್ಲಿ?"

ಮುಖ ಊದಿಸಿಕೊಂಡು ಒಬ್ಬರೇ ಹೊರಟುಹೋದರು. ನಾನು ಆ ಒಂಬತ್ತು ಸುತ್ತು ಬಿಟ್ಟು, ಉಳಿದ ಅಳತೆಗಳಿಂದಲೇ ನಕ್ಷೆ ಬರೆಯಲು ಕಂಪ್ಯೂಟರನ್ನು ಮತ್ತೆ ಲೆಕ್ಕಕ್ಕೆ ಹಚ್ಚಿದೆ. ಆಗಲೂ ಗೆರೆ ಉಳಿದರೆ ನಿಜ. ಕಂಪ್ಯೂಟರಿಗೆ ನನ್ನ ಅವಸರ ಎಲ್ಲಿ ಗೊತ್ತು? ಕೂತೆ, ಎದ್ದೆ, ಉಗುರು ಕಚ್ಚಿದೆ, ನನ್ನ ಬಾಯಿಗಿಷ್ಟು ಮಣ್ಣು ಹಾಕ ಎಂದು ಬೈದುಕೊಂಡೆ. ಹತ್ತೂವರೆಯಾದರೂ ಮುಗಿಯಲಿಲ್ಲ. ಲ್ಯಾಪ್‌ಟಾಪ್ ಎತ್ತಿಕೊಂಡು ಸಭಾಂಗಣಕ್ಕೆ ಓಡಿ ಹಿಂದಿನ ಸಾಲಿನಲ್ಲಿ ಕೂತೆ. ನನ್ನ ಮೊಣಕಾಲಿನ ಕುಣಿತ ತಾಳದೆ ಪಕ್ಕದ ಮುದುಕರು ಒಂದು ಕುರ್ಚಿ ಆಚೆ ಸರಿದರು.

ನಮ್ಮವರು ಚೆನ್ನಾಗೇ ಮಾತಾಡುತ್ತಿದ್ದರು. ಗೆರೆ ಪರದೆಯ ಮೇಲೆ ಬಂದಾಗ ಜನ ಮುಂದಕ್ಕೆ ಬಾಗಿದರು. ಅನುಮಾನ ನನ್ನದೇ, ಆದರೂ ಗೆರೆ ಇರಲಪ್ಪಾ ಎಂದು ಅವರಿಗಿಂತ ಹೆಚ್ಚು ಬೇಡಿದವಳು ನಾನೇ.

ಅಷ್ಟರಲ್ಲಿ ತೊಡೆಯ ಮೇಲೆ ನಕ್ಷೆ ತೆರೆದುಕೊಂಡಿತು. ಹಳೆಯ ಕುಳಿಗಳೆಲ್ಲ ಇದ್ದಲ್ಲೇ ಇದ್ದವು. ಗೆರೆ ಇರಲಿಲ್ಲ.

ಮುಗಿದ ಮೇಲೆ ಮೆಲ್ಲಗೆ ಹೇಳಿದರಾಯಿತು ಎಂದುಕೊಂಡೆ. ತಲೆ ಎತ್ತಿದರೆ ಅವರು ನನ್ನ ಮುಖವನ್ನೂ ತೊಡೆಯ ಮೇಲಿನ ಲ್ಯಾಪ್‌ಟಾಪನ್ನೂ ನೋಡುತ್ತಿದ್ದರು.

"ಇಲ್ವಾ?" ಎಂದರು, ಮೈಕಿನಲ್ಲೇ.

ಇಲ್ಲವೆಂದು ತಲೆಯಾಡಿಸಿದೆ. ಸಭೆಯೆಲ್ಲ ನನ್ನ ಕಡೆ ತಿರುಗಿತು.

ಅವರು ಪರದೆಯತ್ತ ತಿರುಗಿ ಆ ಗೆರೆಯ ಮೇಲೆ ಬೆರಳಿಟ್ಟರು.

"ಹಾಗಾದ್ರೆ ಇದು ಚಂದ್ರಂದಲ್ಲ," ಎಂದರು, "ನಂದು."