ಲಾಳದ ಹುಸೇನಪೀರನ ಮುದ್ದಿನ ಮಾತು

ನಮ್ಮ ಮಾವ ಹುಸೇನಪೀರ ಬೈದರೆ ನಾನು ನಿಶ್ಚಿಂತೆಯಿಂದ ರೊಟ್ಟಿ ಬಡಿಯುತ್ತಿದ್ದೆ. ಮುದ್ದು ಮಾಡಿ ಮಾತಾಡಿದನೋ, ಒಲೆ ಬಿಟ್ಟು ಓಡುತ್ತಿದ್ದೆ.

ಮಾನ್ವಿ ಸಂತೆಯಲ್ಲಿ ಎತ್ತುಗಳಿಗೆ ಲಾಳ ಹೊಡೆಯುವುದು ಆತನ ಕಸುಬು. ಎತ್ತನ್ನು ಹಗ್ಗ ಹಾಕಿ ಕೆಡವಿ, ಕಾಲು ಕಟ್ಟಿ, ಮೊಳೆ ಬಡಿಯುವಾಗ ಬೈಗುಳವೆಲ್ಲ ಹಗ್ಗ ಹಿಡಿದ ರೈತನಿಗೆ, ಮುದ್ದೆಲ್ಲ ಎತ್ತಿಗೆ. ಎರಡೂ ಕನ್ನಡದಲ್ಲೇ, ರೈತರ ಎತ್ತಿಗೆ ನಮ್ಮ ಮನೆಯ ಉರ್ದು ಎಲ್ಲಿ ತಿಳಿಯಬೇಕು? ವಯಸ್ಸು ಎಂಬತ್ತಾಗುವ ಸುಮಾರಿಗೆ ಮುದುಕನಿಗೆ ಅರಳುಮರಳು ಹಿಡಿಯಿತು. ಉರ್ದು ಹೋಯಿತು, ಮಕ್ಕಳ ಹೆಸರೂ ಹೋದವು. ಸಂತೆಯ ಆ ಮಾತಷ್ಟೇ ಉಳಿಯಿತು. ಚಹಾ ಕೊಟ್ಟರೆ, "ಹಗ್ಗ ಬಿಗಿ ಹಿಡೀಲೇ ಭಾಡ್ಯಾ!" ಎನ್ನುತ್ತಿದ್ದ. ಅಂದರೆ ಆತನ ಕಣ್ಣಿಗೆ ನಾನಿನ್ನೂ ಮನುಷ್ಯಳು. ಒಮ್ಮೆ "ಬಾ ನನ್ನ ಬಂಗಾರಾ" ಎಂದು ನನ್ನ ಗಂಡನನ್ನು ಕರೆದು, ಕಾಲಿಗೆ ಹಗ್ಗ ಹಾಕಿ ಕೆಡವಿದ; ಮುಂದಿನ ಹಲ್ಲು ಉದುರಿದವು. ಅಂದೇ ಸುತ್ತಿಗೆ, ಮೊಳೆಗಳ ಚೀಲವನ್ನು ಅಟ್ಟಕ್ಕೇರಿಸಿದೆ.

ದೇವದುರ್ಗದಿಂದ ನಾದಿನಿ ದಾವಲ್ ಬೀ ಬಂದಳು. ಅಪ್ಪ ಒಮ್ಮೆಯಾದರೂ ಗುರುತು ಹಿಡಿದು ಕರೆಯಲಿ ಎಂದು ಅವಳ ಹಟ.

"ಆತನ ಮುದ್ದಿಗೆ ಮರುಳಾಗಬ್ಯಾಡ. ನಿನ್ನ ಎತ್ತು ಅಂತ ತಿಳಿತಾನ" ಅಂದೆ.

"ನಿನ್ನ ಬೈತಾನಂತ ನಿನಗ ಹೊಟ್ಟಿಕಿಚ್ಚು, ಭಾಬಿ. ಕೈಯಾಗ ಕೆಲಸ ಇಲ್ಲಂತ್ಲೇ ಅಬ್ಬಾ ಹಿಂಗ ಆಗ್ಯಾನ."

ನಾನು ನೀರಿಗೆ ಹೋದಾಗ ಚೀಲ ಇಳಿಸಿ ಆತನ ಮುಂದಿಟ್ಟಿದ್ದಾಳೆ. ಕೊಡ ಹೊತ್ತು ತಿರುಗಿ ಬಂದರೆ, ಅವಳ ಕಾಲು ಮುದುಕನ ತೊಡೆಯ ಮೇಲಿದೆ. ಆತ ಹಿಮ್ಮಡಿ ಸವರುತ್ತಿದ್ದಾನೆ.

"ಸುಮ್ನಿರು ನನ್ನ ಬಂಗಾರಾ, ಸುಮ್ನಿರು."

"ಕೇಳಿದೇನು ಭಾಬಿ?" ಎಂದಳು. ಅವಳ ಕಣ್ಣಲ್ಲಿ ನೀರಿತ್ತು.

ಕೊಡ ಎಸೆದು ಓಡಿದೆ. ಅಷ್ಟರಲ್ಲಿ ಮೊಳೆ ಹಿಮ್ಮಡಿಯೊಳಗೆ ಇಳಿದಿತ್ತು. ಅವಳು ಕಿರುಚಿ ಒದ್ದಳು. ಒದೆಯುವ ಎತ್ತನ್ನು ಅದುಮುವುದು ಆತನಿಗೆ ಹೊಸತೇ? ಅವಳ ತೊಡೆಗೆ ಮೊಣಕಾಲು ಊರಿ ಮತ್ತೊಂದು ಏಟು ಹಾಕಿದ. ರಕ್ತ ನನ್ನ ಮುಖಕ್ಕೆ ಸಿಡಿಯಿತು. ರೊಟ್ಟಿ ಬಡಿಯುವ ಹಲಗೆ ಎತ್ತಿ ಆತನ ಭುಜಕ್ಕೆ ಬಾರಿಸಿದೆ. ಮೂಳೆ ಲಟಕ್ಕೆಂದಿತು, ಸುತ್ತಿಗೆ ಜಾರಿತು, ಆತನೂ ಉರುಳಿದ. ಆತ ಮಾತ್ರ ಬಿದ್ದಲ್ಲಿಂದಲೇ ಅವಳ ಕಾಲು ನೇವರಿಸುತ್ತ, "ಆತು ನನ್ನ ಬಂಗಾರಾ, ಆತು, ಮನಿಗೆ ಹೋಗಾಣ" ಎನ್ನುತ್ತಿದ್ದ. ನನ್ನತ್ತ ತಿರುಗಿ ಗುಡುಗಿದ: "ಹಗ್ಗ ಯಾಕ ಬಿಟ್ಟೆಲೇ, ಭಾಡ್ಯಾ!"

ರಾಯಚೂರಿನ ದವಾಖಾನೆಗೆ ಹೋಗುವ ಬಸ್ಸಿನಲ್ಲಿ ದಾವಲ್ ಬೀಯ ಕಾಲು ನನ್ನ ತೊಡೆಯ ಮೇಲಿತ್ತು. ಸುತ್ತಿದ ಸೆರಗೆಲ್ಲ ರಕ್ತ.

"ಭಾಬಿ, ಅಬ್ಬಾ ನನ್ನ ಗುರುತು ಹಿಡಿದನಲ್ಲ?"

ನನ್ನ ಬಾಯಿ ಎಂಥದೆಂದು ಓಣಿಗೆಲ್ಲ ಗೊತ್ತು. ಉತ್ತರ ನಾಲಿಗೆಯ ತುದಿಗೇ ಬಂದಿತ್ತು, ನುಂಗಿಕೊಂಡೆ.

"ಹೂಂ, ಹಿಡಿದ. ನಿನಗಲ್ಲದ ಮತ್ಯಾರಿಗೆ ಬಂಗಾರಾ ಅಂತಾನ?" ಎಂದು ಅವಳ ಕಾಲನ್ನು ಬಿಗಿಯಾಗಿ ಹಿಡಿದುಕೊಂಡೆ.