ಮೈ ಸುಮ್ಮನಿದ್ದ ಮೂರು ದಿನ

ಟೈಲರ್ ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಎರಡು ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸುವ ಮೇಜು, ಕಿಟಕಿಯ ಪಕ್ಕ ತೊಟ್ಟಿಲು. ಅವನು ಹೊಲಿದದ್ದಕ್ಕೆ ಹೆಂಡತಿ ಕಾಜಾ ಹಾಕಿ ಗುಂಡಿ ಹಚ್ಚುತ್ತಾಳೆ. ಅವರ ಹತ್ತು ತಿಂಗಳ ಮಗಳು ಪುಟ್ಟಿಗೆ ಯಂತ್ರದ ಸದ್ದಿದ್ದರೇ ನಿದ್ದೆ.

ಗುರುವಾರ ಬೆಳಿಗ್ಗೆ ಛತ್ರಿ ಅಕ್ಕ ಬಂದಳು. ಅವಳು ಆರೋಗ್ಯ ಕಾರ್ಯಕರ್ತೆ. ಬಿಸಿಲಿರಲಿ ಮಳೆಯಿರಲಿ ಛತ್ರಿ ಬಿಟ್ಟವಳಲ್ಲ, ಅದಕ್ಕೇ ಆ ಹೆಸರು. ಇವತ್ತು ಅವಳು ಕೂರಲೇ ಇಲ್ಲ.

"ಸೋಮವಾರ ಎದುರು ಬೀದಿ ಹುಡುಗಿ ಯೂನಿಫಾರ್ಮಿಗೆ ಅಳತೆ ಕೊಡೋಕೆ ಬಂದಿದ್ಲಂತೆ?"

"ಹೌದಕ್ಕಾ, ತುಂಬ ಕೆಮ್ತಾ ಇದ್ಲು. ಕಣ್ಣೂ ಕೆಂಪಗಿತ್ತು," ಎಂದಳು ಟೈಲರ್ ಹೆಂಡತಿ.

"ಅವಳಿಗೆ ದಡಾರ ಕಣಮ್ಮ. ಮೈಯೆಲ್ಲ ಕೆಂಪು ದದ್ದು ಎದ್ದಿದೆ. ಉಸಿರಾಡೋಕೂ ಆಗ್ದೆ ಆಸ್ಪತ್ರೇಲಿ ಮಲಗಿಸಿದ್ದಾರೆ. ಎಲ್ಲಿ, ಪುಟ್ಟಿ ಲಸಿಕೆ ಕಾರ್ಡು ತೋರ್ಸು."

ಟೈಲರ್ ಹೆಂಡತಿ ಕಾರ್ಡು ತಂದು ಬಿಡಿಸಿದಳು. ಆ ಹುಡುಗಿ ತೊಟ್ಟಿಲಿಗೆ ಬಗ್ಗಿ ಪುಟ್ಟಿಗೆ ಕಚಗುಳಿ ಇಟ್ಟಿದ್ದನ್ನು ಅವಳೇ ನೋಡಿ ನಕ್ಕಿದ್ದಳು. ಕಾರ್ಡಿನಲ್ಲಿ ಒಂಬತ್ತನೇ ತಿಂಗಳ ದಡಾರ ಲಸಿಕೆಯ ಜಾಗ ಖಾಲಿಯಿತ್ತು. ಆಗ ಪುಟ್ಟಿಗೆ ಮೂಗು ಸೋರುತ್ತಿತ್ತು, ನೆಗಡಿ ಬಿಡಲಿ ಎಂದು ಅತ್ತೆ ತಡೆದಿದ್ದರು. ನೆಗಡಿ ಬಿಟ್ಟ ಮೇಲೆ ಯೂನಿಫಾರ್ಮಿನ ಕೆಲಸ ಮುತ್ತಿಕೊಂಡಿತ್ತು.

ಅತ್ತೆ ಒಳಗಿನಿಂದಲೇ ಗೊಣಗಿದರು. "ಸುಮ್ನೆ ಯಾಕೆ ಹೆದರಿಸ್ತೀಯಾ ತಾಯಿ? ಮುಟ್ಟಿ ನೋಡು, ಮೈ ತಣ್ಣಗಿದೆ. ನಗ್ತಾ ಇದೆ. ಹೋದ ಸಲ ಸೂಜಿ ಹಾಕಿಸ್ಕೊಂಡು ಬಂದು ಎರಡು ದಿನ ಜ್ವರದಲ್ಲಿ ಒದ್ದಾಡ್ತು. ಚೆನ್ನಾಗಿರೋ ಮಗೂಗೆ ಜ್ವರ ತರಿಸೋದು ಯಾವ ಸೀಮೆ ಬುದ್ಧಿವಂತಿಕೆ?"

"ಅಮ್ಮಾ, ನಂಗೆ ಭಯ ಆಗ್ತಿರೋದೇ ಆ ತಣ್ಣನೆ ಮೈ ನೋಡಿ," ಎಂದಳು ಛತ್ರಿ ಅಕ್ಕ.

ಯಂತ್ರ ನಿಂತಿತು. ಟೈಲರ್ ತಲೆ ಎತ್ತಿದ. ಛತ್ರಿ ಅಕ್ಕ ಬಿಡಿಸಿ ಹೇಳಿದಳು.

"ನಮ್ಮ ಮೈಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಸಣ್ಣ ಕೋಶಗಳಿವೆ. ಒಂದೊಂದೂ ಒಂದೊಂದು ಮನೆ ಅಂದ್ಕೊಳ್ಳಿ. ಒಂದು ಮನೆಗೆ ವೈರಸ್ ನುಗ್ಗಿದ್ರೆ ಆ ಮನೆ ಒಂದು ರಾಸಾಯನಿಕ ಬಿಡುತ್ತೆ. ಅದೇ ಅದರ ಕೂಗು. 'ಕಳ್ಳ ಬಂದ, ಬಾಗಿಲು ಹಾಕ್ಕೊಳ್ಳಿ' ಅಂತ. ಅಕ್ಕಪಕ್ಕದ ಮನೆಗಳು ಬಾಗಿಲು ಭದ್ರ ಮಾಡ್ತವೆ. ರಕ್ತದಲ್ಲಿರೋ ಕಾವಲಿನವರು ಓಡಿ ಬರ್ತಾರೆ. ಜ್ವರ ಬರೋದೂ ಇಂಥ ಕೂಗಿನಿಂದಲೇ."

"ಕೂಗ್ಲಿ ಮತ್ತೆ, ಯಾರು ಬೇಡ ಅಂದ್ರು?" ಎನ್ನುತ್ತ ಅತ್ತೆ ಹೊರಗೆ ಬಂದು ನೆಲದ ಮೇಲೆ ಕೂತರು.

"ದಡಾರದ ವೈರಸ್ ಕೂಗೋಕೆ ಬಿಡಲ್ಲಮ್ಮ. ಕಾಲಿಟ್ಟ ಕೂಡಲೇ ಆ ಮನೆ ಬಾಯಿಗೆ ಬಟ್ಟೆ ತುರುಕುತ್ತೆ. ರಾಸಾಯನಿಕ ತಯಾರಾಗೋದನ್ನೇ ತಡೆಯುತ್ತೆ. ಅಷ್ಟೋ ಇಷ್ಟೋ ಹೊರಗೆ ಬಂದ್ರೂ ಪಕ್ಕದ ಮನೆಗೆ ಕೇಳಿಸದ ಹಾಗೆ ಮಾಡುತ್ತೆ. ಹತ್ತು ದಿನದವರೆಗೂ ನಮಗೆ ಏನೂ ಗೊತ್ತಾಗದೇ ಇರಬಹುದು. ಮಗು ಆಡ್ತಾ ಇರುತ್ತೆ. ಒಳಗೆ ಕಳ್ಳ ಮನೆ ಮನೆ ಹೊಕ್ತಾ ಇರ್ತಾನೆ."

ಪುಟ್ಟಿ ತೊಟ್ಟಿಲಲ್ಲಿ ಕಾಲು ಬಡಿದು ಕಿಲಕಿಲ ನಕ್ಕಳು. ಮಗುವಿನ ನಗು ಕೇಳಿ ತಾಯಿ ಹೆದರಿದ್ದು ಹೆತ್ತ ಮೇಲೆ ಇದೇ ಮೊದಲು.

ಅತ್ತೆ ಇನ್ನೂ ಸೋಲಲಿಲ್ಲ. "ನನ್ನ ತಮ್ಮನಿಗೂ ದಡಾರ ಬಂದಿತ್ತು. ಹದಿನೈದು ದಿನಕ್ಕೆ ವಾಸಿ ಆಯ್ತು."

"ಈಗ ಎಲ್ಲಿದ್ದಾರೆ?"

ಅತ್ತೆ ಸೆರಗಿನ ಅಂಚು ಹಿಡಿದುಕೊಂಡರು. "ಅದು ಬೇರೆ. ಎರಡು ತಿಂಗಳಾದ್ಮೇಲೆ ಭೇದಿ ಶುರುವಾಯ್ತು. ಮೂರು ವರ್ಷದವನು. ಉಳೀಲಿಲ್ಲ."

ಛತ್ರಿ ಅಕ್ಕ ಅವರ ಪಕ್ಕದಲ್ಲಿ ನೆಲದ ಮೇಲೇ ಕೂತಳು. "ಅದು ಬೇರೆ ಆಗಿರಲಿಕ್ಕಿಲ್ಲಮ್ಮ. ದಡಾರ ಹೋಗೋವಾಗ ಕಾವಲಿನವರ ನೆನಪನ್ನೂ ಅಳಿಸಿ ಹೋಗುತ್ತೆ. ಯಾವ ರೋಗದ ಮುಖ ಹೇಗಿರುತ್ತೆ ಅಂತ ಅವರು ಕಲಿತಿದ್ದು ಎಷ್ಟೋ ಮರೆತೇ ಹೋಗುತ್ತೆ. ಆಮೇಲೆ ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ, ಯಾವ ರೋಗ ಬಂದ್ರೂ ಮಕ್ಕಳು ಸೋತು ಹೋಗ್ತಾರೆ."



"ಅವನಿಗೆ ನಾನು ಕುಡಿಸಿದ ಹಾಲೇ ಕೆಟ್ಟಿತ್ತು ಅಂದ್ಕೊಂಡಿದ್ದೆ," ಎಂದರು ಅತ್ತೆ. "ಐವತ್ತು ವರ್ಷದಿಂದ."

ಸೊಸೆ ಅವರ ಭುಜ ಹಿಡಿದು ಛತ್ರಿ ಅಕ್ಕನ ಕಡೆ ತಿರುಗಿದಳು. "ಈಗ ಏನಾದ್ರೂ ಮಾಡೋಕಾಗುತ್ತಾ ಅಕ್ಕಾ?"

"ಸೋಂಕು ತಗುಲಿದ ಮೂರು ದಿನದೊಳಗೆ ಲಸಿಕೆ ಹಾಕಿಸಿದ್ರೆ ರೋಗ ತಡೆಯೋ ಅವಕಾಶ ಇದೆ. ಖಾತ್ರಿ ಅಂತ ಸುಳ್ಳು ಹೇಳಲ್ಲ. ಹುಡುಗಿ ಬಂದಾಗ ಗಂಟೆ ಎಷ್ಟು?"

"ಶಾಲೆ ಬಿಟ್ಟು ಸೀದಾ ಬಂದಿದ್ದು. ನಾಲ್ಕೂವರೆ," ಎಂದ ಟೈಲರ್.

ಗೋಡೆಯ ಗಡಿಯಾರದಲ್ಲಿ ಹನ್ನೊಂದು ದಾಟಿತ್ತು. ಇವತ್ತು ನಾಲ್ಕೂವರೆಗೆ ಮೂರು ದಿನ ತುಂಬುತ್ತಿತ್ತು.

ಅಷ್ಟರಲ್ಲಿ ಅತ್ತೆ ಚಪ್ಪಲಿ ಮೆಟ್ಟಿದ್ದರು. "ಏನು ನೋಡ್ತಾ ನಿಂತೆ? ಮಗೂನ ಎತ್ಕೋ. ಗುಂಡಿ ಆಮೇಲೆ ಹಚ್ಚಿದ್ರಾಯ್ತು, ಗಿರಾಕಿ ಒಂದು ದಿನ ಅಂಗಿ ಬಿಚ್ಕೊಂಡೇ ಓಡಾಡ್ಲಿ!"

ಟೈಲರ್ ಅಳತೆ ಪುಸ್ತಕ ತೆರೆದ. ರೋಗಿ ಎದ್ದು ಹೋದ ಮೇಲೂ ಎರಡು ಗಂಟೆಯವರೆಗೆ ದಡಾರದ ವೈರಸ್ ಗಾಳಿಯಲ್ಲಿ ಉಳಿಯಬಲ್ಲದು ಎಂದಿದ್ದಳು ಛತ್ರಿ ಅಕ್ಕ. ಸೋಮವಾರ ಸಂಜೆ ಆ ಹುಡುಗಿ ಹೋದ ಮೇಲೆ ಇನ್ನಿಬ್ಬರು ತಾಯಂದಿರು ಮಕ್ಕಳೊಂದಿಗೆ ಬಂದಿದ್ದರು. ಅವನು ಅಂಗಡಿ ಮುಚ್ಚಿ, ಪುಸ್ತಕ ಕಂಕುಳಲ್ಲಿಟ್ಟುಕೊಂಡು ಆ ಮನೆಗಳತ್ತ ಓಡಿದ.

ಮಧ್ಯಾಹ್ನ ಒಂದಕ್ಕೆ ಪುಟ್ಟಿಗೆ ಲಸಿಕೆ ಬಿತ್ತು. ಆಮೇಲೆ ಉಳಿದದ್ದು ಕಾಯುವ ಕೆಲಸ. ದಿನಕ್ಕೆ ಹತ್ತು ಸಲ ತಾಯಿ ಮಗುವಿನ ಕಿವಿಯ ಹಿಂದೆ ದದ್ದು ಹುಡುಕಿದಳು. ಎಂಟನೇ ದಿನ ಮೈ ಬೆಚ್ಚಗಾದಾಗ ಅವಳು ಛತ್ರಿ ಅಕ್ಕನನ್ನು ಕರೆಸಿದಳು. ಲಸಿಕೆಯ ಜ್ವರವೇ ಇರಬಹುದೆಂದರೂ ಛತ್ರಿ ಅಕ್ಕ ಡಾಕ್ಟರಿಗೆ ತೋರಿಸದೆ ಬಿಡಲಿಲ್ಲ. ಎರಡು ದಿನಕ್ಕೆ ಜ್ವರ ಇಳಿಯಿತು. ಮೂರು ವಾರ ಕಳೆದರೂ ದದ್ದು ಏಳಲಿಲ್ಲ. ಎದುರು ಬೀದಿಯ ಹುಡುಗಿ ಮಾತ್ರ ಇನ್ನೂ ಆಸ್ಪತ್ರೆಯಲ್ಲೇ ಇದ್ದಾಳೆ.

ತಾಯಂದಿರೇ, ಅಜ್ಜಿಯರೇ, ಕೈಯಲ್ಲಿರುವ ಕೆಲಸ ಒಂದು ನಿಮಿಷ ಬಿಡಿ. ಮಗುವಿನ ಲಸಿಕೆ ಕಾರ್ಡು ತೆಗೆಯಿರಿ. ದಡಾರದ ಲಸಿಕೆ ಎರಡು ಸಲ ಬೀಳಬೇಕು: ಒಂಬತ್ತು ತಿಂಗಳು ತುಂಬಿದಾಗ ಒಂದು, ಒಂದೂವರೆ ವರ್ಷದ ಹೊತ್ತಿಗೆ ಇನ್ನೊಂದು. ಸಣ್ಣ ನೆಗಡಿಗೆಂದು ಮುಂದೂಡಬೇಡಿ. ಅನುಮಾನವಿದ್ದರೆ ಆರೋಗ್ಯ ಕೇಂದ್ರದಲ್ಲಿ ಕೇಳಿ, ಅವರು ಬೈಯುವುದಿಲ್ಲ. ಪುಟ್ಟಿಯ ಮನೆಯವರಿಗೆ ಐದು ಗಂಟೆಯಷ್ಟು ಸಮಯ ಉಳಿದಿತ್ತು. ನಿಮಗೆ ಎಷ್ಟು ಉಳಿದಿದೆಯೋ ಯಾರಿಗೂ ಗೊತ್ತಿಲ್ಲ. ಕಾರ್ಡಿನಲ್ಲಿ ಖಾಲಿ ಜಾಗ ಕಂಡರೆ, ಮಗುವನ್ನು ಎತ್ತಿಕೊಂಡು ಇವತ್ತೇ ಹೊರಡಿ.