ನಾಲ್ಕನೆಯ ಗೂಟದಿಂದ ಒಂಬತ್ತನೆಯದಕ್ಕೆ

ಸೇತುವೆಯಿಂದ ಹೊರಟು, ದೇವದಾರು ಕಾಡಿನ ಮೇಲ್ಮಗ್ಗುಲು ಹತ್ತಿ, ಹೊಳೆಗೆ ಇಳಿದು, ದಂಡೆಯುದ್ದಕ್ಕೂ ಬಂದು ಮತ್ತೆ ಸೇತುವೆ ಮುಟ್ಟಿದರೆ ಹತ್ತು ಕಿಲೋಮೀಟರು. ನಮ್ಮ ಬೆಟ್ಟದೂರು ಇಫ್ರಾನ್‌ನಲ್ಲಿ ಓಡುವವರಿಗೆಲ್ಲ ಇದು ಬಾಯಿಪಾಠ. ಕಿಲೋಮೀಟರಿಗೊಂದು ಬಿಳಿ ಗೂಟ. ಮೂವತ್ತೆರಡು ವರ್ಷದ ಹಿಂದೆ ಅವನ್ನು ನೆಟ್ಟವರು ಅಸ್ಸೂ ಅಜ್ಜ. ಊರಿನ ಓಟಗಾರರನ್ನೆಲ್ಲ ತಿದ್ದಿದವರೂ ಅವರೇ.

ಎಲ್ಲರಿಗೂ ಇಷ್ಟವಾದದ್ದು ನಾಲ್ಕನೆಯ ಗೂಟದಿಂದ ಒಂಬತ್ತನೆಯದರವರೆಗಿನ ಹೊಳೆದಾರಿ. ಅಲ್ಲಿ ಕಾಲು ತಾನಾಗಿ ಹಗುರಾಗುತ್ತದೆ. ನಾನು ಶಾಲೆಯಲ್ಲಿ ಲೆಕ್ಕ ಹೇಳಿಕೊಡುವವನು, ಹೊಟ್ಟೆ ಬಂದವನು. ನಾನೂ ಅಲ್ಲಿ ಒಂದೊಂದು ಗೂಟಕ್ಕೆ ಕಾಲು ನಿಮಿಷ ಬೇಗ ಮುಟ್ಟುತ್ತಿದ್ದೆ. ತಂಪು ಗಾಳಿಯಿಂದ ಅಂತ ಕೆಲವರು, ನೀರಿನ ಸದ್ದಿನಿಂದ ಅಂತ ಕೆಲವರು. ಯಾರೂ ಹೆಚ್ಚು ತಲೆ ಕೆಡಿಸಿಕೊಂಡಿರಲಿಲ್ಲ.

ತಲೆ ಕೆಡಿಸಿಕೊಂಡವಳು ಇಝ್ಝಾ.

ಇಝ್ಝಾ ಜೆಲ್ಲಾಬಾ ಅನ್ನುವ ಉದ್ದ ನಿಲುವಂಗಿ ಹೊಲಿಯುವವಳು. ಇಪ್ಪತ್ತೆರಡನೇ ವಯಸ್ಸಿನಲ್ಲಿ ಅವಳೂ ಓಡುತ್ತಿದ್ದಳು, ಊರಿನಲ್ಲಿ ಅವಳನ್ನು ಹಿಂದೆ ಹಾಕುವ ಹೆಣ್ಣುಮಗಳು ಇರಲಿಲ್ಲ. ಕೆಳಗೆ ಬಯಲಿನ ಮೆಕ್ನೆಸ್‌ ನಗರದ ಹತ್ತು ಕಿಲೋಮೀಟರಿನ ಪಂದ್ಯಕ್ಕೆ ಹೋಗಿ ಸೋತು ಬಂದಾಗ ಅಸ್ಸೂ ಅಜ್ಜ, "ನಿನಗೆ ಕಾಲಿದೆ, ಎದೆ ಇಲ್ಲ. ಹೋಗು, ಬಟ್ಟೆ ಹೊಲಿ" ಅಂದಿದ್ದರು. ಅವಳು ಹೋಗಿ ಬಟ್ಟೆ ಹೊಲಿದಳು. ಅದಾಗಿ ಹದಿನಾರು ವರ್ಷ.

ಆ ವಸಂತದಲ್ಲಿ ಅವಳ ಅಕ್ಕನ ಮಗಳು ತೂದಾ ಮೆಕ್ನೆಸ್‌ನ ಅದೇ ಪಂದ್ಯ ಓಡಿ ಅಳುತ್ತಾ ಅಂಗಡಿಗೆ ಬಂದಾಗ ನಾನು ಅಲ್ಲೇ ಇದ್ದೆ, ಪ್ಯಾಂಟಿನ ಸೊಂಟ ಸಡಿಲ ಮಾಡಿಸಲು.

"ಎಷ್ಟು ಹೆಚ್ಚಾಯ್ತೇ?" ಇಝ್ಝಾ ಕೇಳಿದಳು.

"ಐವತ್ತೆರಡು ಸೆಕೆಂಡು, ಚಿಕ್ಕಮ್ಮ. ಇಲ್ಲಿ ಸರಿಯಾಗಿ ಮೂವತ್ತೈದು ನಿಮಿಷಕ್ಕೆ ಮುಗಿಸ್ತೀನಿ. ಅಜ್ಜ ಬಸ್ಸಲ್ಲಿ ಎಲ್ಲರ ಮುಂದೇನೇ ಕುರಿ ಎದೆ ಅಂದ್ರು."

ಇಝ್ಝಾ ಸೂಜಿಯನ್ನು ತೋಳಿನ ಬಟ್ಟೆಗೆ ಸಿಕ್ಕಿಸಿಕೊಂಡಳು. "ನಂದು ಐವತ್ನಾಲ್ಕು ಹೆಚ್ಚಾಗಿತ್ತು," ಅಂದಳು. ಆಮೇಲೆ ನನ್ನ ಕಡೆ ತಿರುಗಿದಳು. "ಮೇಷ್ಟ್ರೆ, ಹೆದರಿಕೆ ಅನ್ನೋದನ್ನ ಎಲ್ಲರಿಗೂ ಒಂದೇ ಅಳತೆಗೆ ಹೊಲಿದಿರ್ತಾರಾ?"

ಅವಳು ಆ ವಾರವೆಲ್ಲ ಹಳೆಯ ಓಟಗಾರರನ್ನು ಹುಡುಕಿಕೊಂಡು ಹೋಗಿ ಕೆಳಗೆ ಎಷ್ಟು ಸೆಕೆಂಡು ಹೆಚ್ಚಾಯ್ತು ಅನ್ನೋದೊಂದೇ ಪ್ರಶ್ನೆ ಕೇಳಿದಳು. ರೊಟ್ಟಿ ಭಟ್ಟಿಯವನು, ಅಂಚೆಯವನು, ಪಕ್ಕದ ಅಜ್ರೂ ಊರಲ್ಲಿ ಟ್ಯಾಕ್ಸಿ ಓಡಿಸುವ ಬಸ್ಸೂ ಎಂಬವನು. ಎಲ್ಲರೂ ಕೆಳಗೆ ಹೋಗಿ ಹೆಚ್ಚುಕಡಿಮೆ ಐವತ್ತು ಸೆಕೆಂಡು ಕಳೆದುಕೊಂಡವರೇ. ಬೆಟ್ಟದ ತೆಳು ಗಾಳಿಯಲ್ಲಿ ಪಳಗಿದವರು ಬಯಲಿಗೆ ಇಳಿದರೆ ಇನ್ನೂ ಚುರುಕಾಗಬೇಕಿತ್ತಲ್ಲ?

ಭಾನುವಾರ ಬೆಳಿಗ್ಗೆ ನನ್ನ ಮನೆ ಬಾಗಿಲು ತಟ್ಟಿದಳು. "ನಿಮ್ಮ ಸೈಕಲ್ಲಿನ ಮುಂದಿನ ಚಕ್ರ ಬಿಚ್ಚಿ ಕೊಡಿ. ನೀವೂ ಬನ್ನಿ, ಎಣಿಸೋಕೆ ಇನ್ನೊಬ್ಬರು ಬೇಕು."

ಚಕ್ರದ ಸುತ್ತಳತೆ ಎರಡು ಮೀಟರು ಹತ್ತು ಸೆಂಟಿಮೀಟರು, ಅವಳ ಟೇಪಿನಲ್ಲೇ ಅಳೆದದ್ದು. ಸುತ್ತು ಎಣಿಸಲು ಅದರ ಒಂದು ಕಡ್ಡಿಗೆ ಕೆಂಪು ಚಿಂದಿ ಕಟ್ಟಿ, ಚಕ್ರವನ್ನು ಕೋಲಿಗೆ ಸಿಕ್ಕಿಸಿದಳು. ಅವಳು ಉರುಳಿಸಿದಳು, ನಾನು ಎಣಿಸಿದೆ. ಮರದ ಮೇಲಿನ ಕೋತಿಗಳು ಇಂಥ ಮೆರವಣಿಗೆ ಕಂಡಿರಲಿಲ್ಲವೇನೋ, ಕೊಂಬೆಯಿಂದ ಕೊಂಬೆಗೆ ನಮ್ಮ ಜೊತೆಯೇ ಬಂದವು. ಮೊದಲ ಗೂಟಕ್ಕೆ ನಾನೂರ ಎಪ್ಪತ್ತಾರು ಸುತ್ತು. ಎರಡನೆಯದಕ್ಕೆ, ಮೂರನೆಯದಕ್ಕೆ, ನಾಲ್ಕನೆಯದಕ್ಕೆ ಅಷ್ಟೇ. ಸರಿಯಾಗಿ ಒಂದೊಂದು ಕಿಲೋಮೀಟರು. ನನಗೆ ಬೇಸರವೇ ಬಂತು.

ಹೊಳೆದಾರಿಗೆ ಬಿದ್ದೆವು. ಐದನೆಯ ಗೂಟಕ್ಕೆ ನಾನೂರ ಐವತ್ತೆರಡು.

"ನಡುವೆ ಎಣಿಕೆ ತಪ್ಪಿಸಿದ್ರಿ," ಅಂದಳು.

"ಮೂವತ್ತು ಮಕ್ಕಳ ಗಲಾಟೇಲಿ ಮಗ್ಗಿ ಹೇಳಿಸೋನು ನಾನು. ತಪ್ಪೋದಿಲ್ಲ."

ವಾಪಸ್ಸು ಹೋಗಿ ಮತ್ತೆ ಉರುಳಿಸಿದೆವು. ನಾನೂರ ಐವತ್ತೆರಡೇ. ಒಂಬತ್ತನೆಯ ಗೂಟದವರೆಗೂ ಹಾಗೇ. ಕೊನೆಯದೊಂದು ಮಾತ್ರ ಮತ್ತೆ ಸರಿ. ಗೂಟಕ್ಕೆ ಐವತ್ತರಂತೆ ಒಟ್ಟು ಇನ್ನೂರ ಐವತ್ತು ಮೀಟರು ಕಡಿಮೆ.

ಅಸ್ಸೂ ಅಜ್ಜನಿಗೆ ಹೇಳಿದಾಗ ಅವರು ಚಹಾ ಬಗ್ಗಿಸುತ್ತಿದ್ದರು. ಲೋಟ ತುಂಬಿ ತಟ್ಟೆಗೆ ಚೆಲ್ಲಿತು.

"ಸೈಕಲ್ ಚಕ್ರ ತಗೊಂಡು ನನ್ನ ಗೂಟ ಅಳೆಯೋಕೆ ಬಂದ್ಯಾ? ಐವತ್ತು ಮೀಟರಿನ ಹಗ್ಗ ಹಿಡಿದು ಎರಡು ದಿನ ಅಳೆದಿದ್ದೀನಿ. ಹದಿನಾರು ವರ್ಷ ಮನಸ್ಸಲ್ಲಿ ವಿಷ ಇಟ್ಕೊಂಡಿದ್ದೆ, ಈಗ ಕಕ್ತಿದ್ದೀಯ."

"ವಿಷ ಇದ್ದಿದ್ರೆ ಆವತ್ತೇ ಕಕ್ತಿದ್ದೆ, ಅಜ್ಜ. ನಂಗೆ ತಿಳ್ಕೋಬೇಕು ಅಷ್ಟೆ. ಮೇಲಿನ ಗೂಟ ಎಲ್ಲ ಸರಿಯಾಗಿದೆ. ಹೊಳೆ ಪಕ್ಕದ್ದು ಮಾತ್ರ ಯಾಕೆ ಹೀಗೆ?"

ಆ 'ಯಾಕೆ' ಅವರನ್ನೂ ಹಿಡಿಯಿತು ಅಂತ ಕಾಣುತ್ತದೆ. ಬೈಯುತ್ತಲೇ ಚಪ್ಪಲಿ ಮೆಟ್ಟಿದರು. ನಾಲ್ಕನೆಯ ಗೂಟದ ಬಳಿ, ಮರದ ಕಾಲುಸಂಕದ ಮೇಲೆ ನಿಂತು ಬಹಳ ಹೊತ್ತು ನೀರು ನೋಡಿದರು.

"ಆಗ ಈ ಸಂಕ ಇರ್ಲಿಲ್ಲ," ಅಂದರು. "ಹಗ್ಗ ಎಳ್ಕೊಂಡೇ ನೀರಿಗಿಳಿದು ದಾಟಿದ್ವಿ. ಆಮೇಲೂ ದಂಡೆಯ ಕೆಸರಲ್ಲೇ ಎಳೆದಿದ್ದು. ಒಂಬತ್ತರ ಹತ್ರ ಕತ್ತಲಾಯ್ತು. ರಾತ್ರಿ ಹಗ್ಗ ಒಲೆ ಪಕ್ಕ ಒಣಗಿಸಿ, ಉಳಿದಿದ್ದು ಮಾರನೇ ದಿನ ಮಾಡಿದ್ದು."

"ಎಂಥ ಹಗ್ಗ?"

"ಸೆಣಬಿಂದು."

ಇಝ್ಝಾ ಹಣೆ ಬಡಿದುಕೊಂಡಳು. "ಅಯ್ಯೋ ಅಜ್ಜ! ಹೊಸ ಬಟ್ಟೆ ನೀರಿಗೆ ಹಾಕದೆ ನಾನು ಕತ್ತರಿಯನ್ನೇ ಮುಟ್ಟಲ್ಲ. ಹಗ್ಗ ನೆನೆದು ಕುಗ್ಗಿದೆ!"

ಅಜ್ಜ ನಂಬಲಿಲ್ಲ. ಕೊಟ್ಟಿಗೆಯಿಂದ ಹೇಸರಗತ್ತೆಯ ಹೊರೆ ಕಟ್ಟುವ ಸೆಣಬಿನ ಹಗ್ಗ ತಂದರು. ಒಣಗಿದ್ದಾಗ ಇಪ್ಪತ್ತು ಮೀಟರು. ಹೊಳೆಯಲ್ಲಿ ಕಲ್ಲು ಹೇರಿ ಮುಳುಗಿಸಿ, ದಂಡೆಯಲ್ಲಿ ಕುಳಿತು ರೊಟ್ಟಿ, ಆಲಿವ್ ತಿಂದೆವು. ತೆಗೆದು ಅಳೆದಾಗ ಹತ್ತೊಂಬತ್ತು. ಅಜ್ಜ ಟೇಪು ಕಿತ್ತುಕೊಂಡು ಮೂರು ಸಲ ತಾವೇ ಅಳೆದರು.

ಆಮೇಲೆ ಇಝ್ಝಾಳ ಮುಖ ನೋಡದೆ ಕೇಳಿದರು, "ಆ ವರ್ಷ ಇಲ್ಲಿ ನಿಂದು ಎಷ್ಟಿತ್ತು?"

"ಮೂವತ್ತಾರು."

ನಾನು ಕಡ್ಡಿಯಿಂದ ಮರಳಿನ ಮೇಲೆ ಲೆಕ್ಕ ಬರೆದೆ. ಇಲ್ಲಿನ ವೇಗದಲ್ಲಿ ಪೂರ್ತಿ ಹತ್ತು ಕಿಲೋಮೀಟರು ಓಡಿದ್ದರೆ ಮೂವತ್ತಾರು ನಿಮಿಷ ಐವತ್ತೈದು ಸೆಕೆಂಡು. ಮೆಕ್ನೆಸ್‌ನಲ್ಲಿ ಅವಳು ಓಡಿದ್ದು ಮೂವತ್ತಾರು ಐವತ್ನಾಲ್ಕು.

"ಅಂದ್ರೆ ಅಲ್ಲಿ ನೀನು ಒಂದು ಸೆಕೆಂಡು ಮುಂದೇ ಇದ್ದೆ," ಅಂದರು ಅಜ್ಜ. ಟೇಪನ್ನು ಅವಳ ಕೈಗೆ ಕೊಟ್ಟು, "ನನ್ನ ಬಾಯಿಗೆ ಬೆಂಕಿ ಬೀಳ," ಅಂದರು.

ಇಝ್ಝಾ ಒದ್ದೆ ಹಗ್ಗದ ಒಂದು ತುದಿ ಹಿಡಿದು ಸುತ್ತತೊಡಗಿದಳು. ಅಜ್ಜ ಇನ್ನೊಂದು ತುದಿ ಹಿಡಿದರು.

ಗೂಟ ಕಿತ್ತು ಸರಿಸುವಾಗ ಊರಲ್ಲಿ ಜಗಳವೇ ಆಯಿತು. ಹಳೆಯ ದಾಖಲೆಗಳೆಲ್ಲ ಮಣ್ಣುಪಾಲಾದವು ಅಂತ ರೊಟ್ಟಿ ಭಟ್ಟಿಯವನು ಎರಡು ದಿನ ಅಜ್ಜನಿಗೆ ರೊಟ್ಟಿ ಸುಟ್ಟುಕೊಡಲಿಲ್ಲ. ಹಾರೆ ಹಿಡಿದು ಅಗೆದವರು ಅಜ್ಜನೇ. ಕೊರತೆ ಬಿದ್ದ ದೂರ ತುಂಬಲು ದಾರಿಯನ್ನು ಹೊಳೆಯ ಜಲಪಾತದ ಹಿಂದಿನ ದಿಣ್ಣೆ ಸುತ್ತಿಸಿದರು. ಈಗ ಅಲ್ಲಿ ಎಲ್ಲರೂ ಏದುಸಿರು ಬಿಡುತ್ತಾ ಇಝ್ಝಾಳನ್ನು ಬೈಯುತ್ತಾರೆ.

ಅಜ್ಜ ಆಮೇಲೆ ಮನೆಮನೆಗೆ ಹೋದರು. ತಾವು ಎದೆ ಇಲ್ಲ ಅಂದು ಕಳಿಸಿದ್ದ ಹದಿನಾಲ್ಕು ಜನರ ಪಟ್ಟಿ ಬರೆಸಿಕೊಂಡು, ಪ್ರತಿಯೊಬ್ಬರಿಗೂ ಅವರವರ ನಿಜವಾದ ಸಮಯ ಹೇಳಿದರು. ಕೆಲವರು ನಕ್ಕು ಚಹಾ ಕೊಟ್ಟರು. ಅಜ್ರೂವಿನ ಬಸ್ಸೂ ತನ್ನ ಟ್ಯಾಕ್ಸಿಯ ಗಾಜು ಏರಿಸಿ ಹೊರಟೇಹೋದ. ಅಜ್ಜ ಮರುವಾರ ಮತ್ತೆ ಅಜ್ರೂಗೆ ಹೋಗಿ ಅದೇ ಟ್ಯಾಕ್ಸಿಯ ಹಿಂದಿನ ಸೀಟಿನಲ್ಲಿ ಕುಳಿತರು. ಇಫ್ರಾನ್‌ವರೆಗೆ ಇಬ್ಬರೂ ಏನು ಮಾತಾಡಿದರೋ ನಮಗೆ ಗೊತ್ತಿಲ್ಲ. ಇಳಿಯುವಾಗ ಬಸ್ಸೂ ಅವರ ಕಡೆಯ ಬಾಗಿಲು ತೆಗೆದು ನಿಂತಿದ್ದನ್ನು ಮಾತ್ರ ನಾನು ಕಂಡೆ.